ಬಾಕಿ ಇಲ್ಲದ ಕಥೆಗೆ ಭಾಗ ಎರಡು ಬೇಕೇ?

ಪ್ರಶ್ನೆ: ನಾನು ಚಿತ್ರಕಥೆಗಾರ. ನನ್ನ ಮೊದಲ ಚಿತ್ರ ಹೋದ ವರ್ಷ ತೆರೆಕಂಡು ಚೆನ್ನಾಗಿ ಓಡಿತು. ಕಥೆ ಇಷ್ಟು: ನಿವೃತ್ತಿಗೆ ಒಂದೇ ತಿಂಗಳು ಉಳಿದಿರುವ ಒಬ್ಬ ಅಂಚೆಯಣ್ಣ, ಅವನ ಮಗಳು ಕಾಣೆಯಾಗಿ ಆರು ವರ್ಷ. ಪೊಲೀಸರು ಕೈಚೆಲ್ಲಿದ ಮೇಲೆ ಆತ ಅನುಮಾನ ಬಂದ ಪತ್ರಗಳನ್ನು ಕದ್ದು ಒಡೆದು ಓದುತ್ತಾ ಕೊನೆಗೆ ಅಪರಾಧಿಯ ಮನೆ ಬಾಗಿಲಿಗೆ ತಲುಪುತ್ತಾನೆ. ಹಾಗೆ ತಡೆಹಿಡಿದಿದ್ದ ಹನ್ನೊಂದು ಪತ್ರಗಳನ್ನು ಒಲೆಗೆ ಹಾಕಿ, ಖಾಲಿ ಚೀಲವನ್ನು ಮೊಳೆಗೆ ನೇತುಹಾಕಿ, ದೀಪ ಆರಿಸುವಲ್ಲಿಗೆ ಚಿತ್ರ ಮುಗಿಯುತ್ತದೆ. ಇದಕ್ಕೆ ಮೂರು ವರ್ಷ, ಏಳು ಡ್ರಾಫ್ಟ್ ಹಿಡಿಯಿತು. ಈಗ ನಿರ್ಮಾಪಕರು 14 ತಿಂಗಳಲ್ಲಿ ಎರಡನೇ ಭಾಗ ತೆರೆಗೆ ಬರಲೇಬೇಕು ಅನ್ನುತ್ತಿದ್ದಾರೆ. ಅವರದೇ ಒಂದು ಒನ್‌ಲೈನ್ ಇದೆ: ಜೈಲು ಸೇರಿದ ಅಪರಾಧಿಯ ತಮ್ಮ ಸೇಡಿಗೆ ಬರುತ್ತಾನೆ, ಈ ಸಲ ಮೊಮ್ಮಗಳು ಕಾಣೆಯಾಗುತ್ತಾಳೆ. ನಮ್ಮ ನಿರ್ದೇಶಕರು ಬೇರೆ ಚಿತ್ರದಲ್ಲಿದ್ದಾರೆ, ಬರುವುದಿಲ್ಲ. ಮುಖ್ಯ ನಟರು 35 ದಿನ ಕಾಲ್‌ಶೀಟ್ ಕೊಡುತ್ತಾರಂತೆ. "ಭಾಗ ಎರಡು ಯಾವತ್ತೂ ಮೊದಲನೆಯದರ ಸಮ ಬರಲ್ಲ, ಹೆಸರು ಕೆಡಿಸಿಕೊಳ್ಳಬೇಡ" ಅಂತ ಸ್ನೇಹಿತರು. ಒಲ್ಲೆ ಅಂದರೆ ಬೇರೆಯವರಿಂದ ಬರೆಸಿಬಿಡುತ್ತಾರೆ ಅಂತ ನನಗೆ ಭಯ. ಏನು ಮಾಡಲಿ, ಸರ್?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂರು ಸೇರಿಕೊಂಡಿವೆ. ಈ ಕಥೆಗೆ ಎರಡನೇ ಭಾಗ ಅನ್ನುವುದು ಇದೆಯೇ ಎಂಬುದು ಒಂದು. ಇದ್ದರೂ ಅದನ್ನು 14 ತಿಂಗಳಲ್ಲಿ, ಹಳೆಯ ನಿರ್ದೇಶಕರಿಲ್ಲದೆ ಮಾಡಲಾದೀತೇ ಎಂಬುದು ಇನ್ನೊಂದು. ಒಲ್ಲೆ ಅಂದರೆ ಏನಾಗುತ್ತದೆ ಎಂಬುದು ಮೂರನೆಯದು. ಇವನ್ನು ಗಾಬರಿಯಲ್ಲಿ ಕಲಸಿಕೊಂಡರೆ, ಕಥೆ ನೋಡಿ ಮಾಡಬೇಕಾದ ತೀರ್ಮಾನವನ್ನು ಅಗ್ರಿಮೆಂಟಿನ ಭಯದಲ್ಲಿ ಮಾಡಿಬಿಡುತ್ತೀರಿ. ಒಂದೊಂದಾಗಿ ನೋಡೋಣ.

ಮೊದಲು ಸ್ನೇಹಿತರ ಮಾತು. "ಯಾವತ್ತೂ ಸಮ ಬರಲ್ಲ" ಅನ್ನುವುದು ನಿಜವಲ್ಲ. 1974ರ 'ದಿ ಗಾಡ್‌ಫಾದರ್ ಪಾರ್ಟ್ 2' ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ಸೀಕ್ವೆಲ್. 'ಏಲಿಯನ್ಸ್' (1986), 'ಟರ್ಮಿನೇಟರ್ 2' (1991) ತಮ್ಮ ಮೊದಲ ಭಾಗಕ್ಕಿಂತ ಒಂದು ಕೈ ಮೇಲು ಎಂದು ವಾದಿಸುವವರಿಗೆ ಇವತ್ತಿಗೂ ಬರವಿಲ್ಲ. ಆದರೂ ಆ ಮಾತು ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಲೆಕ್ಕದ ಒಂದು ಕಾರಣವಿದೆ. ಎರಡನೇ ಭಾಗ ಹುಟ್ಟುವುದು ಗೆದ್ದ ಚಿತ್ರಕ್ಕೆ ಮಾತ್ರ. ನೂರು ಚಿತ್ರಗಳಲ್ಲಿ ಐದು ಭರ್ಜರಿಯಾಗಿ ಗೆದ್ದವು ಅಂತಿಟ್ಟುಕೊಳ್ಳಿ. ಆ ಐದರಲ್ಲಿ ಕಥೆ, ನಟ, ಸಂಗೀತ, ಬಿಡುಗಡೆಯ ವಾರ, ಜನರ ಆಗಿನ ಮನಸ್ಥಿತಿ ಎಲ್ಲವೂ ಒಟ್ಟಿಗೆ ಕೂಡಿಬಂದಿರುತ್ತವೆ. ಅದೇ ಜನ ಮತ್ತೆ ಅಷ್ಟೇ ಶ್ರದ್ಧೆಯಿಂದ ಕೂತರೂ ಎಲ್ಲ ಮತ್ತೆ ಅದೇ ಹೊತ್ತಿಗೆ ಕೂಡಿಬರುವುದು ಅಪರೂಪ. ಹಾಗಾಗಿ ಎರಡನೆಯದು ಸಾಧಾರಣ ಮಟ್ಟದ ಚಿತ್ರವಾದರೂ ಸಾಕು, ಪಕ್ಕದಲ್ಲಿಟ್ಟು ನೋಡಿದಾಗ ಬಿದ್ದಂತೆ ಕಾಣುತ್ತದೆ. ಇಷ್ಟನ್ನು ನೀವು ಬದಲಿಸಲಾರಿರಿ. ಬದಲಿಸಬಹುದಾದ ಸಂಗತಿಗಳು ಬೇರೆ ಇವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ತೆಗೆದುಬಿಡೋಣ. ನಿರ್ಮಾಪಕರು ಬಹುಶಃ 'ಬಾಹುಬಲಿ'ಯನ್ನೋ 'ಕೆಜಿಎಫ್' ಅನ್ನೋ ಉದಾಹರಣೆ ಕೊಡುತ್ತಾರೆ. ಅವು ಒಂದೇ ದೊಡ್ಡ ಕಥೆಯನ್ನು ಮಧ್ಯಕ್ಕೆ ಕತ್ತರಿಸಿ ಎರಡು ಚಿತ್ರ ಮಾಡಿದವು. ಮೊದಲ ಭಾಗದ ಕೊನೆಯಲ್ಲಿ ಪ್ರಶ್ನೆಯನ್ನು ಬೇಕಂತಲೇ ತೆರೆದಿಟ್ಟು ಪ್ರೇಕ್ಷಕನನ್ನು ಮನೆಗೆ ಕಳಿಸಿದವು. ನಿಮ್ಮದು ಹಾಗಲ್ಲ. ದೀಪ ಆರಿಸಿ ಮುಗಿಸಿದ ಚಿತ್ರ. ಅಲ್ಲಿ ಕೆಲಸ ಮಾಡಿದ ಕುತೂಹಲ ಇಲ್ಲಿಲ್ಲ, ಮೊದಲ ದಿನಗಳ ಗಳಿಕೆಯ ಆ ಓಪನಿಂಗ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಮುಗಿದ ಕಥೆಗೆ ಮುಂದುವರಿಕೆ ಇಲ್ಲವೇ? ಇದೆ. ನೋಡಬೇಕಾದದ್ದು ಒಂದೇ: ಮೊದಲ ಚಿತ್ರ ಯಾವ ಲೆಕ್ಕವನ್ನು ಬಾಕಿ ಬಿಟ್ಟಿದೆ? ಕಥೆ ಮುಗಿದಿರಬಹುದು, ಲೆಕ್ಕ ಚುಕ್ತಾ ಆಗಿರಲಿಕ್ಕಿಲ್ಲ.

ನಿಮ್ಮ ಚಿತ್ರದ ಜಾತಿಗೇ ಹತ್ತಿರದ ಉದಾಹರಣೆ 'ದೃಶ್ಯಂ'. ಮಲಯಾಳಂ ಮೂಲ 2013ರದು, ಕನ್ನಡದ 'ದೃಶ್ಯ' 2014ರದು. ಮನೆಯವರ ಕೈಯಿಂದ ಆದ ಕೊಲೆಯನ್ನು ಮುಚ್ಚಿಟ್ಟ ನಾಯಕ ಗೆದ್ದ, ಪೊಲೀಸರು ಸೋತರು, ಚಿತ್ರ ಮುಗಿಯಿತು. ಆದರೆ ಕೊನೆಯ ನಿಮಿಷದಲ್ಲಿ ನಮಗೆ ಗೊತ್ತಾಗುವುದೇನು? ಶವ ಇರುವುದು ಹೊಸ ಪೊಲೀಸ್ ಠಾಣೆಯ ನೆಲದಡಿ. ಮೊದಲ ಚಿತ್ರದಲ್ಲಿ ಅದು ಚಪ್ಪಾಳೆ ಗಿಟ್ಟಿಸಿದ ಜಾಣತನ. ಆದರೆ ಆ ಮನುಷ್ಯ ಅದೇ ಊರಲ್ಲಿ ದಿನಾ ಬೆಳಗ್ಗೆ ಎದ್ದು ಬದುಕಬೇಕಲ್ಲ. ಆ ಕುಟುಂಬಕ್ಕೆ ಬಾಗಿಲು ಬಡಿದ ಸದ್ದಾದರೂ ಎದೆ ಹಾರಬೇಕಲ್ಲ. 2021ರ ಎರಡನೇ ಭಾಗ ನಿಂತಿರುವುದು ಆ ಬಾಕಿಯ ಮೇಲೆ. ಅದಕ್ಕಾಗಿ ಹೊಸ ಕೊಲೆಯನ್ನು ಹುಡುಕಿಕೊಂಡು ಹೋಗಲಿಲ್ಲ.

ಇನ್ನೂ ಒಂದು ನೋಡಿ. 'ರಾಕಿ 4' (1985) ಒಳ್ಳೆಯ ಚಿತ್ರವೇನಲ್ಲ. ಅದರಲ್ಲಿ ಅಪೊಲೊ ಎಂಬ ಬಾಕ್ಸರ್ ಪ್ರದರ್ಶನ ಪಂದ್ಯವೊಂದರಲ್ಲಿ ಹೊಡೆತ ತಿನ್ನುತ್ತಿರುತ್ತಾನೆ. ಅವನ ಮೂಲೆಯಲ್ಲಿ ನಿಂತ ಗೆಳೆಯ, ಚಿತ್ರದ ನಾಯಕ ರಾಕಿಯ ಕೈಯಲ್ಲಿ ಟವೆಲ್. ಅದನ್ನು ರಿಂಗಿಗೆ ಎಸೆದರೆ ಪಂದ್ಯ ನಿಲ್ಲುತ್ತದೆ. ಎಸೆಯಬೇಡ ಅಂತ ಅಪೊಲೊನೇ ಹೇಳಿರುತ್ತಾನೆ, ರಾಕಿ ಎಸೆಯುವುದಿಲ್ಲ, ಅಪೊಲೊ ಸಾಯುತ್ತಾನೆ. ಆ ಚಿತ್ರ ಅದನ್ನು ಸೇಡಿನ ಪಂದ್ಯದಲ್ಲಿ ತೀರಿಸಿದ ಹಾಗೆ ಮಾಡಿ ಮುಂದೆ ಹೋಯಿತು. 30 ವರ್ಷದ ಮೇಲೆ 'ಕ್ರೀಡ್' (2015) ಬಂತು. ಅದರ ನಾಯಕ ಅಪೊಲೊನ ಮಗ, ಮುದುಕನಾದ ರಾಕಿ ಅವನ ಗುರು. ಹುಡುಗ ಅವನ ಬಾಗಿಲಿಗೆ ಬಂದು ನಿಂತಾಗ ಹೊಸ ಪ್ರೇಕ್ಷಕನಿಗೆ ಕಾಣುವುದು ಒಬ್ಬ ಶಿಷ್ಯ. ಹಳೆಯ ಪ್ರೇಕ್ಷಕನಿಗೆ ಆ ಟವೆಲ್ ಕಾಣುತ್ತದೆ. ಒಂದೇ ದೃಶ್ಯ ಇಬ್ಬರಿಗೂ ಕೆಲಸ ಮಾಡುತ್ತದೆ. ಎರಡನೇ ಭಾಗ ಬರೆಯುವವರು ಕಲಿಯಬೇಕಾದ ಕಸುಬು ಇದು.

ಈಗ ಕೆಡುವ ದಾರಿಗಳು. ಇವು ಬಹಳ ಇಲ್ಲ, ಆದರೆ ಮತ್ತೆ ಮತ್ತೆ ಅವೇ.

ಮೊದಲ ಚಿತ್ರವನ್ನು ನಡೆಸಿದ ಯಂತ್ರ ಯಾವುದು ಅಂತ ತಿಳಿಯದೆ ಬರೀ ಹೊರಮೈಯನ್ನು ನಕಲು ಮಾಡುವುದು ಎಲ್ಲಕ್ಕಿಂತ ಸಾಮಾನ್ಯ. 'ಸ್ಪೀಡ್' (1994) ನೆನಪಿಸಿಕೊಳ್ಳಿ. ಬಸ್ಸಿನ ವೇಗ ಗಂಟೆಗೆ 50 ಮೈಲಿಗಿಂತ ಕೆಳಗಿಳಿದರೆ ಬಾಂಬ್ ಸಿಡಿಯುತ್ತದೆ. ಈ ಒಂದು ನಿಯಮದಿಂದ ಏನಾಯಿತು ನೋಡಿ: ಸಿಗ್ನಲ್ಲು ಶತ್ರು, ತಿರುವು ಶತ್ರು, ರಸ್ತೆ ದಾಟುವ ತಾಯಿ ಶತ್ರು, ಪೂರ್ತಿ ಕಟ್ಟದ ಮೇಲ್ಸೇತುವೆ ಶತ್ರು. ದಿನಾ ನೋಡುವ ಬೀದಿಯೇ ಪ್ರತಿ ನಿಮಿಷ ಹೊಸ ಅಪಾಯ ತಂದುಕೊಡುತ್ತಿತ್ತು, ಬರಹಗಾರ ಏನನ್ನೂ ತುರುಕಬೇಕಿರಲಿಲ್ಲ. 1997ರ ಎರಡನೇ ಭಾಗಕ್ಕೆ ನಿರ್ದೇಶಕ ಅದೇ ಯಾನ್ ಡಿ ಬಾಂಟ್, ನಾಯಕಿಯೂ ಅವಳೇ. ನಾಯಕ ಕಿಯಾನು ರೀವ್ಸ್ ಒಲ್ಲೆ ಅಂದರು. ಬಸ್ಸಿನ ಜಾಗಕ್ಕೆ ಪ್ರವಾಸಿ ಹಡಗು ಬಂತು. ಗಾತ್ರ ನೂರು ಪಟ್ಟು ಹೆಚ್ಚಿತು, ನಿಯಮ ಮಾಯವಾಯಿತು. ತೆರೆದ ಸಮುದ್ರದಲ್ಲಿ ಹಡಗಿನ ಎದುರಿಗೆ ಏನು ಬರುತ್ತದೆ? ನೀರು. ವೇಗ ಕಾಣುವುದು ಪಕ್ಕದಲ್ಲಿ ಹಿಂದೆ ಸರಿಯುವ ವಸ್ತುಗಳಿಂದ, ಸಮುದ್ರದ ನಡುವೆ ಅದೂ ಇಲ್ಲ. ಮೊದಲನೆಯದು 4 ಕೋಟಿ ಡಾಲರ್ ಒಳಗೆ ತಯಾರಾಗಿ ಸುಮಾರು 35 ಕೋಟಿ ಗಳಿಸಿತ್ತು. ಎರಡನೆಯದು ಕನಿಷ್ಠ 11 ಕೋಟಿ ತಿಂದು ಸುಮಾರು 16 ಕೋಟಿ ತಂದಿತು. ಟಿಕೆಟ್ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರ್‌ಗಳಿಗೆ ಹೋಗುವುದರಿಂದ ಅದು ನಷ್ಟವೇ. ಹಳೆಯ ತಂಡ ಬಂದರೆ ಹಳೆಯ ಚಿತ್ರ ಬರುತ್ತದೆ ಅನ್ನುವ ನಂಬಿಕೆಗೂ ಇದು ಉತ್ತರ.

ನಿಮ್ಮ ಚಿತ್ರದ ಯಂತ್ರ "ಕಾಣೆಯಾದ ಮಗಳು" ಅಲ್ಲ. ಅಂಥ ಚಿತ್ರ ನೂರಿವೆ. ತಿಂಗಳೊಳಗೆ ಕೈಬಿಟ್ಟುಹೋಗುವ ಅಧಿಕಾರವನ್ನು ಒಬ್ಬ ಪ್ರಾಮಾಣಿಕ ಮನುಷ್ಯ ದುರುಪಯೋಗ ಮಾಡುತ್ತಾನೆ, ಪ್ರತಿ ಲಕೋಟೆ ಒಡೆದಾಗಲೂ ಆತ ಸ್ವಲ್ಪ ಕಳ್ಳನಾಗುತ್ತಾನೆ. ಜನ ಉಸಿರು ಹಿಡಿದು ನೋಡಿದ್ದು ಅದನ್ನು. ನಿರ್ಮಾಪಕರ ಒನ್‌ಲೈನ್‌ನಲ್ಲಿ ಆತ ನಿವೃತ್ತ. ಚೀಲವಿಲ್ಲ, ಬಟವಾಡೆಯ ಬೀಟ್ ಇಲ್ಲ, ಪತ್ರವಿಲ್ಲ. ಉಳಿದದ್ದು ಮೊಮ್ಮಗಳನ್ನು ಹುಡುಕುವ ಅಜ್ಜ ಮಾತ್ರ.

ಎರಡನೆಯ ದಾರಿ, ಮೊದಲ ಚಿತ್ರದ ಗೆಲುವನ್ನು ಅಳಿಸುವುದು. 'ಏಲಿಯನ್ಸ್' ಕೊನೆಯಲ್ಲಿ ನಾಯಕಿ ಒಂದು ಮಗುವನ್ನು ಸಾವಿನ ಬಾಯಿಂದ ಎಳೆದು ತರುತ್ತಾಳೆ. ಚಿತ್ರದ ಜೀವವೇ ಅದು. 1992ರ ಮೂರನೇ ಭಾಗ ಆರಂಭವಾಗುವುದೇ ಆ ಮಗು ನೌಕೆ ಬಿದ್ದು ಸತ್ತಿತು ಎಂಬಲ್ಲಿಂದ. ಪ್ರೇಕ್ಷಕ ಅದನ್ನು ಕ್ಷಮಿಸುವುದಿಲ್ಲ, ಏಕೆಂದರೆ ಸತ್ತದ್ದು ಪಾತ್ರ ಮಾತ್ರವಲ್ಲ, ಹಿಂದಿನ ಚಿತ್ರ ನೋಡುವಾಗ ಆತ ಪಟ್ಟ ಆತಂಕವೂ ದಂಡವಾಯಿತು. 'ಹೈಲ್ಯಾಂಡರ್' (1986) ಇನ್ನೂ ವಿಚಿತ್ರ. ಅಮರರು ಹೊಡೆದಾಡಿ ಕೊನೆಗೆ ಒಬ್ಬನೇ ಉಳಿಯಬೇಕು ಎಂಬುದು ಅದರ ನಿಯಮ. ಒಬ್ಬ ಉಳಿದ, ಬಹುಮಾನವಾಗಿ ಸಾಮಾನ್ಯ ಮನುಷ್ಯನ ಆಯುಷ್ಯ ಪಡೆದ, ಮುಗಿಯಿತು. 1991ರಲ್ಲಿ ಎರಡನೇ ಭಾಗ ಮಾಡಲು ಹೊರಟಾಗ ಅವನ ಎದುರಿಗೆ ಹೊಡೆದಾಡಲು ಕಥೆಯಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಈ ಅಮರರೆಲ್ಲ ಬೇರೆ ಗ್ರಹದಿಂದ ಬಂದವರು ಎಂದು ಬರೆದರು. ಮುಂದೆ ಮರುಸಂಕಲನ ಮಾಡಿದ ಆವೃತ್ತಿಯಲ್ಲಿ ಆ ಗ್ರಹವನ್ನೇ ಕತ್ತರಿಸಿ ಹಾಕಿದರು.

ಮೂರನೆಯದು, ಬಚ್ಚಿಟ್ಟದ್ದನ್ನು ಬಿಚ್ಚಿಡುವುದು. 1975ರ 'ಜಾಸ್' ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಮತ್ತೆ ಮತ್ತೆ ಕೆಟ್ಟಿತು. ಬೇರೆ ದಾರಿಯಿಲ್ಲದೆ ನೀರು, ತೇಲುವ ಹಳದಿ ಡ್ರಮ್ಮು, ಸಂಗೀತ ಇವುಗಳಲ್ಲೇ ಭಯ ಕಟ್ಟಿದರು. ಶಾರ್ಕ್ ಸರಿಯಾಗಿ ಕಾಣುವ ಹೊತ್ತಿಗೆ ಚಿತ್ರ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಒಮ್ಮೆ ನೋಡಿಯಾದ ಶಾರ್ಕನ್ನು ಎರಡನೇ ಚಿತ್ರದಲ್ಲಿ ಬಚ್ಚಿಡುವುದು ಹೇಗೆ? ಅದಕ್ಕೇ ಭಯದ ಚಿತ್ರಗಳ ಸೀಕ್ವೆಲ್ ಕಷ್ಟ. ಆ ಸರಣಿಯ ನಾಲ್ಕನೆಯ ಚಿತ್ರ (1987) ನಿಮ್ಮ ನಿರ್ಮಾಪಕರು ಒಮ್ಮೆ ನೋಡಲೇಬೇಕಾದದ್ದು. ಅದರ ಹೆಸರಲ್ಲೇ 'ರಿವೆಂಜ್' ಇದೆ. ಸತ್ತ ಶಾರ್ಕಿನ ಕುಲದ ಇನ್ನೊಂದು ಶಾರ್ಕ್ ಒಂದೇ ಕುಟುಂಬದ ಬೆನ್ನು ಹತ್ತಿ ಬಹಾಮಾಸ್ ತನಕ ಬರುತ್ತದೆ! ತೀರ್ಮಾನದಿಂದ ಬಿಡುಗಡೆಗೆ ಒಂಬತ್ತು ತಿಂಗಳೂ ಇರಲಿಲ್ಲ. ತೆರೆಕಂಡ ಮೇಲೆ ಕ್ಲೈಮ್ಯಾಕ್ಸ್ ಬದಲಿಸಿ ಮತ್ತೆ ಚಿತ್ರೀಕರಿಸಿದರು. ಮೈಕಲ್ ಕೇನ್ ಅದರ ಚಿತ್ರೀಕರಣದಲ್ಲಿದ್ದುದರಿಂದಲೇ ಬೇರೊಂದು ಚಿತ್ರಕ್ಕೆ ಬಂದ ಆಸ್ಕರ್ ಪಡೆಯಲು ವೇದಿಕೆಗೆ ಹೋಗಲಾಗಲಿಲ್ಲ.

"ತಮ್ಮ ಸೇಡಿಗೆ ಬರುತ್ತಾನೆ" ಎಂಬ ಎಳೆಯ ತೊಂದರೆ ಅದು ಹಳತು ಎಂಬುದಲ್ಲ. ಬೇಕು ಅನ್ನುವ ಹಟ ಖಳನದು. ನಿಮ್ಮ ನಾಯಕನಿಗೆ ಏನೂ ಬೇಕಿಲ್ಲ, ಆತ ಸುಮ್ಮನೆ ಮನೆಯಲ್ಲಿದ್ದ. ಮೊದಲ ಚಿತ್ರದಲ್ಲಿ ಕಥೆಯನ್ನು ಎಳೆದವನು ಇಲ್ಲಿ ಕಥೆಯಿಂದ ಎಳೆಸಿಕೊಳ್ಳುತ್ತಾನೆ. ಇಂಟರ್ವಲ್ ಹೊತ್ತಿಗೆ ಪ್ರೇಕ್ಷಕನಿಗೆ ಅದು ಮೈಗೆ ಹತ್ತುತ್ತದೆ. ಕಾರಣ ಹೇಳಲು ಬರುವುದಿಲ್ಲ, "ಯಾಕೋ ಮೊದಲಿನ ಹಾಗಿಲ್ಲ" ಅನ್ನುತ್ತಾನೆ ಅಷ್ಟೇ.

ದುಡ್ಡಿನ ಮಾತೂ ಇಲ್ಲಿ ಬರಬೇಕು. ಎರಡನೇ ಭಾಗದ ಮೊದಲ ವಾರದ ಗಳಿಕೆ ಎರಡನೇ ಭಾಗದ್ದಲ್ಲ, ಮೊದಲ ಭಾಗ ಉಳಿಸಿಟ್ಟ ವಿಶ್ವಾಸದ್ದು. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಲೆಕ್ಕ 'ಮೇಟ್ರಿಕ್ಸ್' ಸರಣಿಯಷ್ಟು ಬೇರೆಲ್ಲೂ ಸಿಗದು. ಎರಡನೆಯದೂ ಮೂರನೆಯದೂ ಒಟ್ಟಿಗೆ ಚಿತ್ರೀಕರಣವಾಗಿ, 2003ರಲ್ಲೇ ಆರು ತಿಂಗಳ ಅಂತರದಲ್ಲಿ ಬಂದವು. ಎರಡನೆಯದು ಸುಮಾರು 74 ಕೋಟಿ ಡಾಲರ್ ತಂದಿತು, ಅಂದರೆ ಮೊದಲನೆಯದಕ್ಕಿಂತಲೂ ಹೆಚ್ಚು. ಮೂರನೆಯದು 43 ಕೋಟಿಯ ಆಸುಪಾಸು. ಎರಡನೆಯದನ್ನು ನೋಡಿ ಪೆಚ್ಚಾದವರು ಅದರ ಬೆಲೆಯನ್ನು ಮೂರನೆಯದರಲ್ಲಿ ವಸೂಲಿ ಮಾಡಿದರು. 'ಜೋಕರ್' ವಿಷಯದಲ್ಲಿ ಅಷ್ಟು ಕಾಯುವ ಸಹನೆಯನ್ನೂ ಜನ ತೋರಿಸಲಿಲ್ಲ. 2019ರ ಚಿತ್ರ ಕಡಿಮೆ ಬಜೆಟ್ಟಿನಲ್ಲಿ 100 ಕೋಟಿ ಡಾಲರ್ ದಾಟಿತ್ತು. 2024ರ ಎರಡನೆಯದಕ್ಕೆ ಅದೇ ನಿರ್ದೇಶಕ, ಅದೇ ನಟ, ಸುಮಾರು 20 ಕೋಟಿ ಬಜೆಟ್. ಗಳಿಕೆ ಆ ಬಜೆಟ್ಟಿನ ಅಂಚಿಗೆ ಬಂದು ನಿಂತಿತು, ಮೇಲೇಳಲಿಲ್ಲ. ಮೊದಲ ಚಿತ್ರವನ್ನು ಮೆಚ್ಚಿದವರಿಗೇ ಅದು ತಮ್ಮನ್ನು ಗದರಿಸಿದ ಹಾಗೆ ಕಂಡಿತು. ಇದನ್ನು ನೆನಪಿಡಿ, ನಿಮ್ಮ ಕಥೆಗೆ ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ, 14 ತಿಂಗಳು. ಸುಮಾರು 60 ವಾರ. ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸಿ. ಮೊದಲ ಪ್ರತಿ ಕೈಗೆ ಬಂದ ಮೇಲೆ ಸೆನ್ಸಾರ್, ಪ್ರಚಾರ, ಥಿಯೇಟರ್ ಹೊಂದಿಸುವುದಕ್ಕೆ 4 ವಾರ. ಎಡಿಟಿಂಗ್, ಡಬ್ಬಿಂಗ್, ಹಿನ್ನೆಲೆ ಸಂಗೀತ, ಬಣ್ಣ, ಸೌಂಡ್ ಮಿಕ್ಸಿಂಗ್ ಸೇರಿ 16. ಶೆಡ್ಯೂಲ್ ನಡುವಿನ ಬಿಡುವೂ ಸೇರಿ ಶೂಟಿಂಗ್ 10. ಲೊಕೇಶನ್, ಕಲಾವಿದರ ಆಯ್ಕೆ, ಸೆಟ್ಟು, ರಿಹರ್ಸಲ್‌ಗೆ 10. ಒಟ್ಟು 40 ಹೋಯಿತು. ಉಳಿದ 20ರಲ್ಲಿ ಹೊಸ ನಿರ್ದೇಶಕರನ್ನು ಹುಡುಕಿ, ಅಗ್ರಿಮೆಂಟ್ ಮುಗಿಸಿ, ಮುಖ್ಯ ನಟರಿಗೆ ನರೇಷನ್ ಕೊಡುವುದಕ್ಕೆ, ಅಂದರೆ ಕಥೆ ಹೇಳಿ ಒಪ್ಪಿಸುವುದಕ್ಕೆ, ಐದು ವಾರ ತೆಗೆಯಿರಿ. ನಿಮಗೆ ಸಿಗುವುದು 15 ವಾರ. ಬರೆದು, ಓದಿಸಿ, ತಿದ್ದುವುದಕ್ಕೆ ಒಂದು ಡ್ರಾಫ್ಟಿಗೆ ಆರು ವಾರ ಅಂದರೂ ಎರಡೂವರೆ ಡ್ರಾಫ್ಟ್. ಮೊದಲನೆಯದಕ್ಕೆ ಏಳು ಬೇಕಾಗಿತ್ತು ಅಂತ ನೀವೇ ಬರೆದಿದ್ದೀರಿ.

ಮೂರನೇ ಡ್ರಾಫ್ಟ್ ಮುಗಿಯದ ಚಿತ್ರಕಥೆ ಇಟ್ಟುಕೊಂಡು ಸೆಟ್ಟಿಗೆ ಹೋದರೆ ಏನಾಗುತ್ತದೆ? 2008ರ ಬಾಂಡ್ ಚಿತ್ರ 'ಕ್ವಾಂಟಮ್ ಆಫ್ ಸೊಲೇಸ್' ನೋಡಿ. ಬರಹಗಾರರ ಮುಷ್ಕರದಿಂದ ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿತ್ತು, ದಿನಾಂಕ ನಿಲ್ಲಲಿಲ್ಲ. ತಾನೂ ನಿರ್ದೇಶಕರೂ ಸೇರಿ ದೃಶ್ಯಗಳನ್ನು ತಿದ್ದಿ ಬರೆಯಬೇಕಾಯಿತು ಎಂದು ನಾಯಕ ನಟ ಡೇನಿಯಲ್ ಕ್ರೇಗ್ ಅವರೇ ಮುಂದೆ ಹೇಳಿಕೊಂಡರು. ಸ್ಕ್ರಿಪ್ಟ್ ಹಸಿಯಾಗಿದ್ದಾಗ ಮೊದಲು ಸಾಯುವುದು ಹೊಡೆದಾಟದ ಸೀನ್ ಅಲ್ಲ, ಅದನ್ನು ಸ್ಟಂಟ್ ಮಾಸ್ಟರ್ ಕಟ್ಟಿಕೊಡುತ್ತಾರೆ. ಎರಡು ಪಾತ್ರಗಳು ಎದುರುಬದುರು ಕೂತು ಮಾತಾಡುವ ಸೀನ್ ಸಾಯುತ್ತದೆ. ನಿಮ್ಮ ಚಿತ್ರ ನಿಂತಿರುವುದು ಅಂಥ ಸೀನ್‌ಗಳ ಮೇಲೆ.

35 ದಿನದ ಕಾಲ್‌ಶೀಟನ್ನೂ ಲೆಕ್ಕಕ್ಕೆ ಹಾಕಿ. ನಿಧಾನಗತಿಯ, ನಟನೆಯ ಚಿತ್ರದಲ್ಲಿ ದಿನಕ್ಕೆ ಎರಡು ನಿಮಿಷದಷ್ಟು ಬಳಸಬಹುದಾದ ದೃಶ್ಯ ಬಂದರೆ ಒಳ್ಳೆಯ ದಿನ. 35 ದಿನಕ್ಕೆ 70 ನಿಮಿಷ. ಎರಡು ಗಂಟೆಯ ಚಿತ್ರದಲ್ಲಿ 50 ನಿಮಿಷ ನಿಮ್ಮ ಅಂಚೆಯಣ್ಣ ತೆರೆಯ ಮೇಲೆ ಇರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಬರೆದರೆ ಇನ್ನೊಂದು ಗಟ್ಟಿ ಪಾತ್ರ ಹುಟ್ಟುತ್ತದೆ. ಮೊದಲಿನ ಹಾಗೇ ಬರೆದು ಆಮೇಲೆ ದಿನ ಸಾಲದೆ ಹೋದರೆ ಹಿಂದಿನಿಂದ ತೆಗೆದ ಡೂಪ್ ಶಾಟು, ಫೋನಿನಲ್ಲಿ ಕೇಳುವ ದನಿ, ಫ್ಲ್ಯಾಶ್‌ಬ್ಯಾಕ್ ಹೆಸರಲ್ಲಿ ಹಳೆಯ ತುಣುಕು ಇವೆಲ್ಲ ಶುರುವಾಗುತ್ತವೆ. ಎಡಿಟಿಂಗ್ ಟೇಬಲ್ ಮೇಲೆ ಅದನ್ನು ಮುಚ್ಚಲಾಗುವುದಿಲ್ಲ.

ನಿರ್ದೇಶಕರು ಬರದಿರುವುದರ ಬಗ್ಗೆ ನೀವು ಪಟ್ಟಷ್ಟು ಚಿಂತೆ ನನಗಿಲ್ಲ. 'ಏಲಿಯನ್' ರಿಡ್ಲಿ ಸ್ಕಾಟ್ ಅವರದು, 'ಏಲಿಯನ್ಸ್' ಜೇಮ್ಸ್ ಕ್ಯಾಮರನ್ ಅವರದು. ಕ್ಯಾಮರನ್ ಹಳೆಯ ಶೈಲಿಯನ್ನು ಅನುಕರಿಸಲು ಹೋಗಲಿಲ್ಲ. ಕತ್ತಲೆಯ ಭೂತಬಂಗಲೆಯಂಥ ಕಥೆಯನ್ನು ಸೈನಿಕರ ಯುದ್ಧದ ಕಥೆ ಮಾಡಿದರು. ಹೊಸ ನಿರ್ದೇಶಕರು ಬಂದರೆ ಅವರಿಗೆ ಅಷ್ಟು ಜಾಗ ಕೊಡಿ. "ಅದೇ ಲುಕ್ ಬೇಕು" ಅನ್ನುವ ನಿರ್ಮಾಪಕ, "ನಾನೂ ಹಾಗೇ ತೆಗೀತೀನಿ" ಅನ್ನುವ ನಿರ್ದೇಶಕ ಇಬ್ಬರೂ ಒಟ್ಟಿಗೆ ಸಿಕ್ಕರೆ ಮಾತ್ರ ಎದ್ದು ಬನ್ನಿ.

ಹಾಗಾದರೆ ನಿಮ್ಮ ಚಿತ್ರದಲ್ಲಿ ಬಾಕಿ ಏನಿದೆ? ನಿಮ್ಮ ಪತ್ರದಲ್ಲೇ ಇದೆ. ಚೀಲ ಖಾಲಿಯಾದದ್ದು ಬಟವಾಡೆ ಮುಗಿದದ್ದರಿಂದಲ್ಲ, ಹನ್ನೊಂದು ಪತ್ರ ಒಲೆಗೆ ಹೋದದ್ದರಿಂದ. ಅವು ಯಾರ ಪತ್ರಗಳು? ಒಂದರಲ್ಲಿ ಕೆಲಸದ ಸಂದರ್ಶನಕ್ಕೆ ಕರೆ ಇದ್ದಿರಬಹುದು. ಮನೆ ಬಿಟ್ಟುಹೋದ ಮಗ ಅಪ್ಪನಿಗೆ ಬರೆದ ಕ್ಷಮೆ ಇನ್ನೊಂದರಲ್ಲಿ ಇದ್ದಿರಬಹುದು, ಆ ಅಪ್ಪ ಮಗನ ಸುದ್ದಿಯಿಲ್ಲದೇ ಸತ್ತಿರಬಹುದು. ಅಂಚೆಯಣ್ಣ ಅವನ್ನು ಒಡೆದು ಓದಿದ್ದಾನೆ. ಅಂದರೆ ಹನ್ನೊಂದರಲ್ಲೂ ಏನಿತ್ತು ಎಂದು ಬಲ್ಲವನು ಪ್ರಪಂಚದಲ್ಲಿ ಆತ ಒಬ್ಬನೇ, ಕಾಗದ ಮಾತ್ರ ಇಲ್ಲ. ತನ್ನ ಮಗಳ ಸುದ್ದಿಗಾಗಿ ಬೇರೆ ಹನ್ನೊಂದು ಮನೆಗಳ ಸುದ್ದಿಯನ್ನು ಸುಟ್ಟವನ ಬಾಗಿಲಿಗೆ ಒಂದು ದಿನ ಯಾರಾದರೂ ಬಂದು, "ಅಣ್ಣಾ, ಆ ವರ್ಷ ನಮಗೊಂದು ಕಾಗದ ಬರಬೇಕಿತ್ತು" ಅಂದರೆ? ಮೊಮ್ಮಗಳು ಕಾಣೆಯಾಗಬೇಕಿಲ್ಲ. ಬಂದವನು ಖಳನೂ ಆಗಬೇಕಿಲ್ಲ. ಆ 50 ನಿಮಿಷ ತುಂಬುವ ಪಾತ್ರವೂ ಇವನೇ ಆಗಬಹುದು.

ಇದು ನಿಮ್ಮ ಕಥೆ ಆಗಬೇಕೆಂದು ನನ್ನ ಹಟವಿಲ್ಲ. ಬಾಕಿ ಹುಡುಕುವ ಕ್ರಮ ತೋರಿಸಿದೆ ಅಷ್ಟೇ. ಒಂದು ಹಾಳೆ ತೆಗೆದುಕೊಂಡು, ಮೊದಲ ಚಿತ್ರದ ಕೊನೆಯ ಫ್ರೇಮಿನಲ್ಲಿ ನಾಯಕ ಪಡೆದದ್ದೇನು, ಅದಕ್ಕೆ ತೆತ್ತದ್ದೇನು, ಆತನ ಬದಲಿಗೆ ಬೇರೆಯವರು ತೆತ್ತದ್ದೇನು ಅಂತ ಮೂರು ಸಾಲಾಗಿ ಬರೆಯಿರಿ. ಮೂರನೆಯ ಸಾಲಿನಲ್ಲೇ ಸಾಮಾನ್ಯವಾಗಿ ಎರಡನೇ ಭಾಗ ಕೂತಿರುತ್ತದೆ. ಸಿಕ್ಕ ಎಳೆಯನ್ನು ಮೊದಲ ಚಿತ್ರ ನೋಡದ ಒಬ್ಬರಿಗೆ ನಾಲ್ಕು ವಾಕ್ಯದಲ್ಲಿ ಹೇಳಿ, "ಹಿಂದಿನ ಚಿತ್ರದಲ್ಲಿ" ಎಂಬ ಮಾತು ಬಳಸದೆ. ಅವರು "ಆಮೇಲೆ?" ಅಂದರೆ ಮುಂದೆ ಹೋಗಿ. ವಿವರಣೆ ಕೇಳಿದರೆ ಎಳೆ ಇನ್ನೂ ಹಳೆಯ ಚಿತ್ರದ ಮೇಲೆ ಒರಗಿಕೊಂಡಿದೆ ಎಂದರ್ಥ. ಹಳೆಯ ಕಥೆಯ ನೆನಪು ಮಾಡಿಕೊಡುವುದಕ್ಕೆ ಇಡೀ ಚಿತ್ರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಬಳಸಬೇಡಿ, ಅದನ್ನೂ ಒಂದೇ ಕಡೆ ಸುರಿಯಬೇಡಿ.

ಅಪಾಯವೂ ಇದೆ. ಮೊದಲ ಚಿತ್ರದಲ್ಲಿ ಆ ಪತ್ರಗಳು ಉರಿಯುವಾಗ ಥಿಯೇಟರಿನಲ್ಲಿ ಮೌನವಿತ್ತೋ, ಚಪ್ಪಾಳೆಯಿತ್ತೋ? ಚಪ್ಪಾಳೆ ಇದ್ದಿದ್ದರೆ, ಜನ ಅದನ್ನು ಗೆಲುವು ಅಂತ ಮನೆಗೆ ಒಯ್ದಿದ್ದಾರೆ. ಅವರನ್ನು "ನೀವು ತಪ್ಪಿಗೆ ಚಪ್ಪಾಳೆ ಹೊಡೆದಿರಿ" ಎಂದು ಎರಡು ಗಂಟೆ ಬೈದರೆ ಮೇಲೆ ಹೇಳಿದ 'ಜೋಕರ್' ಗತಿಯೇ. ಆ ಅಪರಾಧಭಾವ ಅಂಚೆಯಣ್ಣನಿಗೆ ಬರಲಿ, ಪ್ರೇಕ್ಷಕನಿಗೆ ಹೊರಿಸಬೇಡಿ. ಮುಖ್ಯ ನಟರು ತಪ್ಪಿತಸ್ಥನಾಗಿ ಕಾಣಿಸಿಕೊಳ್ಳಲು ಒಪ್ಪುತ್ತಾರೆಯೇ ಎಂಬುದನ್ನು ಡ್ರಾಫ್ಟ್ ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಿ.

ಇತರ ದಾರಿಗಳನ್ನೂ ನಿರ್ಮಾಪಕರು ಎತ್ತಬಹುದು. ಹಿಂದಿನ ಕಥೆ ಅಂದರೆ ಪ್ರೀಕ್ವೆಲ್ ಮಾಡೋಣ ಅನ್ನಬಹುದು. ಮಗಳು ಕಾಣೆಯಾಗುತ್ತಾಳೆ ಎಂದು ಎಲ್ಲರಿಗೂ ಗೊತ್ತು, ನಡುವಿನ ಕುತೂಹಲ ಎಲ್ಲಿಂದ ತರುತ್ತೀರಿ? ನಿಮ್ಮ ಕಥೆಗೆ ಇದು ಎಲ್ಲಕ್ಕಿಂತ ದುರ್ಬಲ ದಾರಿ. ಹೆಸರು ಮಾತ್ರ ಅದೇ, ಕಥೆ ಪೂರ್ತಿ ಬೇರೆ ಎಂಬ ಇನ್ನೊಂದು ದಾರಿಯಿದೆ. ಅದಕ್ಕೆ 'ಹ್ಯಾಲೊವೀನ್ 3' (1982) ನೋಡಿ. ಎರಡು ಚಿತ್ರ ಒಬ್ಬನೇ ಮುಖವಾಡದ ಕೊಲೆಗಾರನನ್ನು ತೋರಿಸಿ, ಮೂರನೆಯದರಲ್ಲಿ ಅವನಿಲ್ಲದ ಬೇರೆಯೇ ಕಥೆ ಕೊಟ್ಟರು. ಜನ ಒಪ್ಪಲಿಲ್ಲ, 1988ರ ನಾಲ್ಕನೆಯದಕ್ಕೆ ಅವನನ್ನೇ ಹೆಸರು ಹಿಡಿದು ವಾಪಸ್ ಕರೆತಂದರು. ಆ ದಾರಿ ಹಿಡಿಯುವುದಾದರೆ ಎರಡನೆಯದರಲ್ಲೇ ಹಿಡಿಯಬೇಕು, ಪೋಸ್ಟರಿನಲ್ಲೇ ಹೇಳಬೇಕು.

ಇನ್ನು ಒಲ್ಲೆ ಅಂದರೆ ಏನಾಗುತ್ತದೆ? ಅದು ನಿಮ್ಮ ಅಗ್ರಿಮೆಂಟಿನಲ್ಲಿದೆ, ನಿರ್ಮಾಪಕರ ಮುಖದಲ್ಲಿಲ್ಲ. ತೆಗೆದು ಓದಿ. ಸೀಕ್ವೆಲ್, ಪ್ರೀಕ್ವೆಲ್, ರಿಮೇಕ್, ವೆಬ್ ಸರಣಿ ಹಕ್ಕುಗಳನ್ನು ಹೆಸರಿಸಿ ಬರೆದುಕೊಟ್ಟಿದ್ದೀರಾ, ಅಥವಾ ಈ ಒಂದು ಚಿತ್ರಕ್ಕೆ ಮಾತ್ರವೇ? ಪಾತ್ರಗಳ ಹಕ್ಕು ಯಾರದು? ಮುಂದಿನ ಭಾಗ ಬರೆಯುವ ಮೊದಲ ಅವಕಾಶ ನಿಮಗೇ ಎಂಬ ಸಾಲು ಇದೆಯೇ? ನೀವು ಬರೆಯದಿದ್ದರೂ "ಮೂಲ ಪಾತ್ರಗಳ ಸೃಷ್ಟಿ" ಎಂದು ಟೈಟಲ್ ಕಾರ್ಡಿನಲ್ಲಿ ಹೆಸರು, ಅದಕ್ಕೊಂದು ಮೊತ್ತ ನಮೂದಾಗಿದೆಯೇ? ಇಂಥ ಸಾಲುಗಳ ಆಯುಷ್ಯ ದೊಡ್ಡದು. 'ಡೈ ಹಾರ್ಡ್' (1988) ಆಧರಿಸಿದ ಕಾದಂಬರಿ ಇನ್ನೊಂದು ಕಾದಂಬರಿಯ ಮುಂದುವರಿಕೆ. ಆ ಮೊದಲ ಕಾದಂಬರಿಯ ಚಿತ್ರದಲ್ಲಿ 1968ರಲ್ಲಿ ಫ್ರ್ಯಾಂಕ್ ಸಿನಾತ್ರಾ ನಟಿಸಿದ್ದರು. ಹಾಗಾಗಿ ಹಳೆಯ ಒಪ್ಪಂದದ ಪ್ರಕಾರ 70 ದಾಟಿದ್ದ ಸಿನಾತ್ರಾ ಅವರಿಗೇ ಮೊದಲು ಪಾತ್ರ ಕೊಡಬೇಕಾಗಿ ಬಂತು, ಅವರು ಬೇಡ ಅಂದರು. ಚಲನಚಿತ್ರ ಒಪ್ಪಂದ ಬಲ್ಲ ವಕೀಲರಿಗೆ ಒಂದು ಸಿಟ್ಟಿಂಗ್‌ನ ಫೀ ಕೊಟ್ಟು ತೋರಿಸಿ. ಹಕ್ಕೆಲ್ಲ ನಿರ್ಮಾಪಕರದೇ ಆಗಿದ್ದರೆ ಅವರು ಬೇರೆಯವರಿಂದ ಬರೆಸಬಹುದು, ನೀವು ತಡೆಯಲಾರಿರಿ. ಆಗ ನಿಮ್ಮ ಕೈಯಲ್ಲಿರುವುದು ಕ್ರೆಡಿಟ್ಟಿನ ಮಾತು ಮಾತ್ರ. ಅದು ಬೇಕೋ ಬೇಡವೋ ಅನ್ನುವುದನ್ನೂ ಬರಹದಲ್ಲೇ ತಿಳಿಸಿ.

ನನ್ನ ಸಲಹೆ ಇಷ್ಟು. ಈಗಲೇ ಹೌದು ಅನ್ನಬೇಡಿ, ಇಲ್ಲ ಅನ್ನಬೇಡಿ. ಸಂಭಾವನೆ ಪಡೆದು ಮೂರು ವಾರದ ಸಮಯ ಕೇಳಿ, ಅದರ ಕೊನೆಗೆ ಎರಡು ಪುಟದ ಕಥೆ ಕೊಡುತ್ತೇನೆ ಅನ್ನಿ. ಆ ಕೆಲಸಕ್ಕೆ ಒಂದು ಸಣ್ಣ ಒಪ್ಪಂದಪತ್ರ ಇರಲಿ. ಕಥೆ ಒಪ್ಪಿಗೆಯಾಗದಿದ್ದರೆ ಅದರ ಹಕ್ಕು ನಿಮ್ಮಲ್ಲೇ ಉಳಿಯಬೇಕು ಎಂಬ ಸಾಲು ಅದರಲ್ಲಿ ಇರಲೇಬೇಕು. ಆ 60 ವಾರದ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನಿರ್ಮಾಪಕರ ಮುಂದಿಡಿ, ಬಾಯಲ್ಲಿ ಹೇಳಬೇಡಿ. ದುಡ್ಡು ಹಾಕುವವರಿಗೆ ಕ್ಯಾಲೆಂಡರ್ ಅರ್ಥವಾಗುವಷ್ಟು ಬೇಗ ಕಥೆ ಅರ್ಥವಾಗುವುದಿಲ್ಲ. ಬಿಡುಗಡೆಯನ್ನು ಆರು ತಿಂಗಳು ಮುಂದೆ ಹಾಕಿದರೆ ಇನ್ನೂ ನಾಲ್ಕು ಡ್ರಾಫ್ಟ್ ಸಿಗುತ್ತದೆ, ನಿಮ್ಮ ನಿರ್ದೇಶಕರು ಬಿಡುವಾಗುವ ಸಾಧ್ಯತೆಯೂ ಇದೆ. ಮೂರು ವಾರದಲ್ಲಿ ಆ ಹನ್ನೊಂದು ಪತ್ರಗಳನ್ನೂ ನೀವೇ ಒಮ್ಮೆ ಬರೆದು ನೋಡಿ, ವಿಳಾಸದ ಸಮೇತ, ಪೂರ್ತಿ. ಚಿತ್ರದಲ್ಲಿ ಒಂದೂ ಬರದಿದ್ದರೂ ಪರವಾಗಿಲ್ಲ. ಹನ್ನೊಂದರಲ್ಲಿ ಒಂದಾದರೂ ನಿಮ್ಮನ್ನು ಬರೆಯದೆ ಬಿಡದಿದ್ದರೆ ನಿರ್ಮಾಪಕರಿಗೆ ಫೋನ್ ಮಾಡಿ. ಒಂದೂ ಹಾಗೆ ಕಾಡದಿದ್ದರೆ ತಮ್ಮನ ಸೇಡಿನ ಕಥೆಯನ್ನು ಬೇರೆಯವರು ಬರೆಯಲಿ.